ಬಿದಿರಿನ ಆರ್ಗನ್

ವಿದ್ಯಾರ್ಥಿಗಳೇ, ಭಜನೆಗೆ ನುಡಿಸುವ ಹಾರ್ಮೋನಿಯಂ ನಿಮಗೆಲ್ಲ ಪರಿಚಿತ. ತಿದಿಯನ್ನು ಒತ್ತಿದಾಗ ಗಾಳಿಯು ಒಳಹೊಕ್ಕು ಹಿತ್ತಾಳೆಯ ತೆಳು ನಾಲಗೆಗಳನ್ನು ಕಂಪಿಸುವಂತೆ ಮಾಡುತ್ತದೆ. ಅದರಿಂದ ಸ್ವರ ಹುಟ್ಟುತ್ತದೆ. ಹಳೆಯ ದೊಡ್ಡ ಇಗರ್ಜಿಗಳಲ್ಲಿರುವ ಕೊಳವೆ ಆರ್ಗನ್ ಇದರ ಹಿರಿಯ ಬಂಧುವೆನ್ನಬಹುದು. ಅಲ್ಲಿಯೂ ತಿದಿ ಇದೆ, ಮನೆಗಳಿವೆ. ಆದರೆ ಸ್ವರ ಹೊರಡುವುದು ಹೆಚ್ಚಾಗಿ ಕೊಳಲಿನಂತಹ ಕೊಳವೆಗಳಿಂದ. ಕೊಳಲಿನಲ್ಲಿ ಒಂದೇ ಬಿದಿರಿಗೆ ಹಲವು ರಂಧ್ರಗಳು. ಆರ್ಗನಿನಲ್ಲಿ ಒಂದು ಕೊಳವೆಗೆ ಒಂದೇ ಸ್ವರ. ಉದ್ದದ್ದಕ್ಕೆ ಮಂದ್ರ, ಗಿಡ್ಡದ್ದಕ್ಕೆ ತಾರ. ಆದುದರಿಂದ ಒಂದು ವಾದ್ಯಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಕೊಳವೆಗಳು ಬೇಕು. ಸಾಮಾನ್ಯವಾಗಿ ಇವನ್ನು ತವರ ಮತ್ತು ಸೀಸದ ಮಿಶ್ರಲೋಹದಿಂದ ಅಥವಾ ಮರದಿಂದ ಮಾಡುತ್ತಾರೆ.

ಫಿಲಿಪೈನ್ಸ್ ದೇಶದಲ್ಲಿ, ಮನಿಲಾ ನಗರದ ದಕ್ಷಿಣಕ್ಕಿರುವ ಲಾಸ್ ಪಿನ್ಯಾಸ್ ಎಂಬ ಊರಿನ ಸಂತ ಜೋಸೆಫರ ಇಗರ್ಜಿಯಲ್ಲಿ ಬಿದಿರಿನ ಆರ್ಗನ್ ಇದೆ ಎಂದರೆ ನಮಗೆ ಕುತೂಹಲವಾಗದಿರದು. ಅದರಲ್ಲಿರುವ ಒಟ್ಟು 1031 ಕೊಳವೆಗಳಲ್ಲಿ 902 ಬಿದಿರಿನವು, ಉಳಿದ 129 ಲೋಹದವು.

ಲಾಸ್ ಪಿನ್ಯಾಸ್ ಆಗ ಕಡಲ ತಡಿಯ ಬಡ ಊರು. 1795ರಲ್ಲಿ ಅಲ್ಲಿಗೆ ಧರ್ಮಗುರುವಾಗಿ ಬಂದವರು ಸ್ಪೇನ್ ದೇಶದ ಡಿಯೆಗೊ ಸೆರಾ. ಊರವರನ್ನು ಸೇರಿಸಿಕೊಂಡು ಕಲ್ಲಿನ ಇಗರ್ಜಿಯನ್ನು ಕಟ್ಟಿಸಿದರು. 1816ರಲ್ಲಿ ಆರ್ಗನಿನ ಕೆಲಸಕ್ಕೆ ಕೈಹಾಕಿದರು. ಆ ನಾಡಿನಲ್ಲಿ ಬಿದಿರಿಗೆ ಬರವಿಲ್ಲ. ಆದರೆ ಹಸಿ ಬಿದಿರಿಗೆ ಹುಳು ಹಿಡಿಯುವುದು ಬೇಗ. ಅದಕ್ಕಾಗಿ ಕಡಿದ ಬಿದಿರನ್ನು ಕಡಲ ದಡದ ಮರಳಿನಲ್ಲಿ ಹಲವು ತಿಂಗಳ ಕಾಲ ಹೂತಿಟ್ಟರು. ನಮ್ಮ ಹಿರಿಯರು ಮಾಡಿಗೆ ಹಾಕುವ ಬಿದಿರನ್ನು ತೋಡಿನ ನೀರಿನಲ್ಲಿ ಮುಳುಗಿಸಿಡುತ್ತಿದ್ದುದೂ ಇದೇ ಕಾರಣಕ್ಕೆ. ಅಜ್ಜಂದಿರನ್ನು ಕೇಳಿ ನೋಡಿ, ಹೇಳಿಯಾರು.

1821ರ ಹೊತ್ತಿಗೆ ವಾದ್ಯ ಬಹುಮಟ್ಟಿಗೆ ಸಿದ್ಧವಾಯಿತು. ಕಹಳೆಯಂತೆ ಮುಂದಕ್ಕೆ ಚಾಚಿದ ಕೊಳವೆಗಳ ಧ್ವನಿ ಮಾತ್ರ ಬಿದಿರಿನಲ್ಲಿ ಬರಲಾರದೆಂದು ಕಂಡು, ಸೆರಾ ಅವುಗಳನ್ನು ಲೋಹದಲ್ಲಿ ಮಾಡಿದರು. ಕೆಲಸ ಮುಗಿದುದು 1824ರಲ್ಲಿ. ಹಕ್ಕಿಗಳ ಚಿಲಿಪಿಲಿಯನ್ನು ಅನುಕರಿಸುವ ಪುಟ್ಟ ಕೊಳವೆಗಳೂ ಅದರಲ್ಲಿವೆ!

ಮುಂದೆ ಭೂಕಂಪ, ಚಂಡಮಾರುತಗಳು ಇಗರ್ಜಿಯನ್ನೂ ಆರ್ಗನನ್ನೂ ಬಿಡಲಿಲ್ಲ. ಮಾಡು ಹಾರಿ, ಮಳೆ ಸುರಿದು, ವಾದ್ಯ ಮೂಕವಾಯಿತು. ಕಳಚಿದ ಕೊಳವೆಗಳನ್ನು ಇಗರ್ಜಿಯ ಒಳಕೋಣೆಯಲ್ಲಿ ತೆಗೆದಿಟ್ಟರು. ಒಡೆದ ಬಿದಿರಿನ ತುಂಡುಗಳು ತಾನೇ ಎಂದು ಯಾರಾದರೂ ಒಲೆಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಬಿದಿರಾಗಿ ಅವುಗಳ ಬೆಲೆ ನಾಲ್ಕು ಕಾಸೂ ಆಗದು. ಹಾಗೆ ಹಾಕದೆ ಕಾದಿರಿಸಿದ ಆ ಹೆಸರಿಲ್ಲದ ಜನರನ್ನು ನಾವು ಸೆರಾ ಅವರಷ್ಟೇ ಗೌರವದಿಂದ ನೆನೆಯಬೇಕೆಂದು ನಮಗೆ ತೋರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ದುರಸ್ತಿಗಳಾದವು. ಆದರೆ ಪೂರ್ಣ ಧ್ವನಿ ಮರಳಲಿಲ್ಲ. ಕೊನೆಗೆ 1973ರಲ್ಲಿ ವಾದ್ಯವನ್ನು ಬಿಚ್ಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಆರ್ಗನ್ ಕಾರ್ಖಾನೆಗೆ ಒಯ್ಯಲಾಯಿತು. ಅಲ್ಲಿ ಹೊಸದೊಂದು ತೊಡಕು. ಸೆಕೆಯ ನಾಡಿನ ಬಿದಿರು ಯುರೋಪಿನ ಒಣ ಹವೆಯಲ್ಲಿ ಸೀಳಿಬಿಡುವುದು. ಆದುದರಿಂದ ಫಿಲಿಪೈನ್ಸಿನ ತೇವವನ್ನೂ ಶಾಖವನ್ನೂ ಹೋಲುವ ಒಂದು ಕೋಣೆಯನ್ನೇ ಅಲ್ಲಿ ಏರ್ಪಡಿಸಿದರು. ಇತ್ತ ಊರಿನಲ್ಲಿ ಇಗರ್ಜಿಯ ಕಟ್ಟಡವನ್ನೂ ಹಳೆಯ ರೂಪಕ್ಕೆ ತರುವ ಕೆಲಸ ನಡೆಯಿತು. ಇದು ಯುಕ್ತವೇ ಸರಿ; ಏಕೆಂದರೆ ಆರ್ಗನಿನ ನಾದವು ಕೊಳವೆಯಿಂದ ಹೊರಟು ಗೋಡೆ, ಕಂಬ, ಮಾಡುಗಳಲ್ಲಿ ಮರುದನಿಗೊಂಡು ಕೇಳುಗರ ಕಿವಿ ಸೇರುವಂತಹುದು. ಇಗರ್ಜಿಯನ್ನು ಕೆಡವಿ ವಾದ್ಯವನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಅರ್ಧ ಮಾತ್ರ ಉಳಿದಂತೆ.

1975ರ ಮಾರ್ಚಿನಲ್ಲಿ ಆರ್ಗನ್ ಊರಿಗೆ ಮರಳಿತು. ಮೇ 9ರಂದು ಅದರ ಕಚೇರಿ ನಡೆಯಿತು. ಮರುವರ್ಷದಿಂದ ಅಲ್ಲಿ ಬಿದಿರಿನ ಆರ್ಗನಿನ ವಾರ್ಷಿಕ ಸಂಗೀತೋತ್ಸವ ಆರಂಭವಾಯಿತು. 2003ರಲ್ಲಿ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಅದನ್ನು ರಾಷ್ಟ್ರದ ಸಾಂಸ್ಕೃತಿಕ ನಿಧಿಯೆಂದು ಸಾರಿತು.

ಅಷ್ಟರಲ್ಲಿ ಅಲ್ಲಿಯ ಕೆಲವು ತರುಣರು ಹೊರದೇಶಗಳಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು, ಡಿಯೆಗೊ ಸೆರಾ ಅವರ ಹೆಸರಿನಲ್ಲೇ ಒಂದು ಕಾರ್ಯಾಗಾರವನ್ನು ತೆರೆದಿದ್ದರು. 2003-04ರಲ್ಲಿ ಆರ್ಗನಿಗೆ ಮತ್ತೆ ದೊಡ್ಡ ದುರಸ್ತಿ ಬೇಕಾದಾಗ ಕೆಲಸ ವಹಿಸಿಕೊಂಡವರು ಇವರೇ. ಬಿದಿರಿನ ಕೊಳವೆಗಳು ಈ ಸಲ ಕಡಲು ದಾಟಬೇಕಾಗಲಿಲ್ಲ.