ಕೊನೆ ಗೊತ್ತಿದ್ದರೂ ನೋಡುವುದೇಕೆ?

ಪ್ರಶ್ನೆ: ನಾನು ಸಿನಿಮಾದ ಬಗ್ಗೆ ಓದಿಕೊಂಡವನಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ಮನೆಯವರ ಜೊತೆ ಏನಾದರೊಂದು ಹಾಕಿಕೊಂಡು ಕೂರುತ್ತೇನೆ, ಅಷ್ಟೆ. ಹೆಂಡತಿಗೂ ಮಗಳಿಗೂ ರೊಮ್ಯಾಂಟಿಕ್ ಕಾಮಿಡಿ ಅಂದರೆ ಪ್ರಾಣ. ನನಗೆ ಹತ್ತು ನಿಮಿಷಕ್ಕೇ ಸಾಕಾಗುತ್ತದೆ. ಇಬ್ಬರು ಜಗಳವಾಡುತ್ತಾರೆ, ಕೊನೆಗೆ ಒಂದಾಗುತ್ತಾರೆ. ಗೊತ್ತಿರುವ ಕತೆಗೆ ಎರಡು ಗಂಟೆ ಯಾಕೆ ಕಳೆಯಬೇಕು?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಬಯಲಾಟಕ್ಕೆ ಕೂತವರಿಗೆಲ್ಲ ಕೌರವನ ತೊಡೆ ಮುರಿಯುತ್ತದೆಂದು ಗೊತ್ತೇ ಇರುತ್ತದೆ. ಆದರೂ ಬೆಳಗಿನ ಜಾವದ ಗದಾಯುದ್ಧದ ಹೊತ್ತಿಗೆ ಯಾರೂ ತೂಕಡಿಸುವುದಿಲ್ಲ. ರೊಮ್ಯಾಂಟಿಕ್ ಕಾಮಿಡಿಯೂ ಕೊನೆಯನ್ನು ಮೊದಲೇ ಬಿಟ್ಟುಕೊಟ್ಟು ಆಟ ಶುರು ಮಾಡುತ್ತದೆ. ಹಾಗಾಗಿ ‘ಮುಂದೇನು’ ಎಂದು ಅದನ್ನು ಕೇಳಬೇಡಿ. ‘ಇವರಿಬ್ಬರನ್ನು ಇಷ್ಟು ಹೊತ್ತು ತಡೆದು ನಿಲ್ಲಿಸಿರುವುದೇನು’ ಎಂದು ಕೇಳಿ. ಕೈತಪ್ಪಿದ ಒಂದು ಫೋನ್ ಕರೆ, ತಪ್ಪಿಹೋದ ಒಂದು ರೈಲು, ಇಷ್ಟೇ ಆದರೆ ನೀವು ಎದ್ದುಹೋಗುವುದೇ ಸರಿ. ಅಡ್ಡಿ ಆ ಇಬ್ಬರ ಸ್ವಭಾವದಲ್ಲೇ ಇದ್ದರೆ ಕೂತು ನೋಡಿ.

ಅರ್ನ್ಸ್ಟ್ ಲುಬಿಚ್ 1940ರಲ್ಲಿ ಮಾಡಿದ ‘ದ ಶಾಪ್ ಅರೌಂಡ್ ದ ಕಾರ್ನರ್’ ಸಿಕ್ಕರೆ ಬಿಡಬೇಡಿ. ಬುಡಾಪೆಸ್ಟಿನ ಒಂದು ಚರ್ಮದ ಸಾಮಾನಿನ ಅಂಗಡಿ. ಅಲ್ಲಿ ಕೆಲಸಕ್ಕಿರುವ ಕ್ರಾಲಿಕ್‌ಗೂ ಕ್ಲಾರಾಗೂ ಒಂದು ನಿಮಿಷ ಆಗಿಬರುವುದಿಲ್ಲ. ಹಗಲೆಲ್ಲ ಹೀಗೆ ಕಚ್ಚಾಡುವ ಇವರೇ ಹೆಸರು ಹೇಳದೆ, ಮುಖ ನೋಡದೆ ಒಬ್ಬರಿಗೊಬ್ಬರು ಪ್ರೇಮಪತ್ರ ಬರೆಯುತ್ತಿರುತ್ತಾರೆ. ಗುಟ್ಟು ಮೊದಲು ತಿಳಿಯುವುದು ಕ್ರಾಲಿಕ್‌ಗೆ. ಅವನ ಪತ್ರ ನಿಲ್ಲುತ್ತದೆ. ಕ್ಲಾರಾ ಅಂಚೆ ಕಚೇರಿಗೆ ಹೋಗುತ್ತಾಳೆ. ಕ್ಯಾಮೆರಾ ಅಂಚೆಪೆಟ್ಟಿಗೆಗಳ ಒಳಬದಿಯಲ್ಲಿದೆ. ಕೈಗವಸು ತೊಟ್ಟ ಒಂದು ಕೈ ಖಾಲಿ ಗೂಡಿನೊಳಗೆ ಬಂದು ತಡಕಾಡಿ ಹಿಂದೆ ಸರಿಯುತ್ತದೆ. ಆಮೇಲೆ ಆ ಪುಟ್ಟ ಚೌಕದಲ್ಲಿ ಅವಳ ಮುಖ ಬಗ್ಗಿ ಇಣುಕುತ್ತದೆ. ಅಂಗಡಿಯಲ್ಲಿ ಅಷ್ಟು ಜಂಬದಿಂದ ಮಾತಾಡುವ ಹುಡುಗಿ ಒಳಗೊಳಗೇ ಎಷ್ಟು ಒಂಟಿ ಎಂದು ಮಾತಿಲ್ಲದೆ ತಿಳಿಯುತ್ತದೆ. ಇಬ್ಬರೂ ಕಾಗದದ ಮೇಲೆ ತಮಗಿಂತ ಉತ್ತಮರು, ಎದುರೆದುರು ಬಂದಾಗ ಕೀಳು. ಆ ಕಂದಕ ದಾಟುವುದೇ ಕತೆ.

ಇದೇ ಕತೆ 1949ರಲ್ಲಿ ಹಾಡುಗಳ ಸಮೇತ ‘ಇನ್ ದ ಗುಡ್ ಓಲ್ಡ್ ಸಮರ್‌ಟೈಮ್’ ಆಯಿತು. 1998ರಲ್ಲಿ ನೋರಾ ಎಫ್ರಾನ್ ಕೈಯಲ್ಲಿ ಪತ್ರದ ಜಾಗಕ್ಕೆ ಇ-ಮೇಲ್ ಬಂದು ‘ಯೂ ಹ್ಯಾವ್ ಗಾಟ್ ಮೇಲ್’ ಆಯಿತು. ನಿಮ್ಮ ಮಗಳು ಇದನ್ನು ನೋಡಿರಬಹುದು. ಟಾಮ್ ಹ್ಯಾಂಕ್ಸ್, ಮೆಗ್ ರಯಾನ್ ಇಬ್ಬರೂ ಮುದ್ದಾಗಿದ್ದಾರೆ, ಆದರೆ ನನಗೆ ಆ ಮುಕ್ತಾಯ ಒಪ್ಪಿಗೆಯಾಗುವುದಿಲ್ಲ. ಅವಳಿಗೆ ಅಮ್ಮನಿಂದ ಬಂದ ಮಕ್ಕಳ ಪುಸ್ತಕದಂಗಡಿಯನ್ನು ಅವನ ದೊಡ್ಡ ಅಂಗಡಿ ಮುಚ್ಚಿಸುತ್ತದೆ. ಇ-ಮೇಲ್ ಬರೆಯುತ್ತಿರುವವಳು ಅವಳೇ ಎಂದು ಗೊತ್ತಾದ ಮೇಲೂ ಅವನು ತಾನು ಯಾರೆಂದು ಅವಳಿಗೆ ತಿಳಿಸದೆ ದಿನ ತಳ್ಳುತ್ತಾನೆ. ಲುಬಿಚ್‌ನ ಜೋಡಿ ಒಂದೇ ಅಂಗಡಿಯ ಸಂಬಳದಾಳುಗಳು. ಸೋಲು ಗೆಲುವು ಅವರಲ್ಲಿ ಸರಿಸಮ.

ಕನ್ನಡದಲ್ಲೇ ಬೇಕೆಂದರೆ ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ಇದೆಯಲ್ಲ! ಒಂದೇ ವಠಾರದಲ್ಲಿದ್ದು ಶರಂಪರ ಜಗಳವಾಡುವ ಗಣೇಶ ಮತ್ತು ಆದಿಲಕ್ಷ್ಮಿ. ಗಣೇಶ ಮನಸೋತಿರುವ ಗಾಯಕಿ ಶ್ರುತಿ ಆ ಆದಿಲಕ್ಷ್ಮಿಯೇ. ಅನಂತನಾಗ್ ಪರದಾಡುವುದನ್ನು, ವಿನಯಾ ಪ್ರಸಾದ್ ಮೂಗು ಮುರಿಯುವುದನ್ನು ‘ತಡೆದು ನಿಲ್ಲಿಸಿರುವುದೇನು’ ಎಂಬ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿ.

ಪ್ರಶ್ನೆ: ‘ಬೇಡ’ ಅಂದವಳ ಬೆನ್ನುಬಿದ್ದು ಒಪ್ಪಿಸುವ ನಾಯಕರನ್ನು ನೋಡಿ ನನಗೆ ನಗು ಬರುವುದಿಲ್ಲ. ಗೆಳತಿಯರು ‘ಸಿನಿಮಾ ತಾನೇ, ಬಿಡೇ’ ಅನ್ನುತ್ತಾರೆ. ನಾನು ಅತಿ ಮಾಡುತ್ತಿದ್ದೇನೆಯೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಇಲ್ಲ. ಒಬ್ಬರು ಅಟ್ಟಿಸಿಕೊಂಡು ಬರುತ್ತಿದ್ದರೆ ಇನ್ನೊಬ್ಬರಲ್ಲಿ ಹುಟ್ಟುವುದು ಭಯ. ಅದಕ್ಕೆ ಲವಲವಿಕೆಯ ಹಿನ್ನೆಲೆ ಸಂಗೀತ ಹಾಕಿ ಹಾಸ್ಯ ಎನ್ನುವುದು ಪ್ರೇಕ್ಷಕರಿಗೆ ಮಾಡುವ ಮೋಸ. ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ನೋಡಿ. ದಾರಿಯಲ್ಲಿ ಹೋಗುವ ಕಾರನ್ನು ಹೆಬ್ಬೆರಳು ತೋರಿಸಿ ನಿಲ್ಲಿಸುವುದು ಹೇಗೆಂದು ಕ್ಲಾರ್ಕ್ ಗೇಬಲ್ ನಾಯಕಿಗೆ ಪಾಠ ಹೇಳುತ್ತಾನೆ. ಕಾರುಗಳು ಸಾಲುಸಾಲಾಗಿ ಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ಕ್ಲಾಡೆಟ್ ಕೋಲ್ಬೆರ್ ಬೇಲಿಯಿಂದಿಳಿದು ಬಂದು ಲಂಗವನ್ನು ಮೊಣಕಾಲಿನವರೆಗೆ ಎತ್ತುತ್ತಾಳೆ. ಮೊದಲ ಕಾರೇ ಕಿರ್ರೆಂದು ಬ್ರೇಕ್ ಹಾಕುತ್ತದೆ. ಅವನ ಜಂಬ ಇಳಿದ ಆ ಗಳಿಗೆಯಿಂದಲೇ ಅವರ ಪ್ರೀತಿ ನಂಬುವ ಹಾಗಾಗುವುದು. ನಿಮ್ಮ ಗೆಳತಿಯರಿಗೆ ಇದನ್ನು ತೋರಿಸಿ.

ಪ್ರಶ್ನೆ: ನಮ್ಮ ಸಿನಿಮಾಗಳಲ್ಲಿ ಹೇಗೂ ಆರು ಹಾಡು ಇರುತ್ತವೆ. ಹಾಗಾದರೆ ಎಲ್ಲವೂ ‘ಮ್ಯೂಸಿಕಲ್’ ಅಲ್ಲವೇ? ಇಂಗ್ಲಿಷಿನವರದ್ದಕ್ಕೆ ಮಾತ್ರ ಯಾಕೆ ಆ ಹೆಸರು? ನಾನಂತೂ ಹಾಡು ಬಂದರೆ ಫೋನ್ ನೋಡುತ್ತೇನೆ.
– ಔಷಧ ಅಂಗಡಿ ಮಾಲೀಕ, ಮಂಗಳೂರು

ಉತ್ತರ: ನಮಗೆ ಹಾಡು ಬಂದದ್ದು ಕಂಪನಿ ನಾಟಕದಿಂದ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕಟ್ಟಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ರಂಗದ ಮೇಲೆ ಬೆಳೆದವರು. ಹಾಡಿಲ್ಲದ ಕತೆ ಅವರ ಕಲ್ಪನೆಗೂ ಬಂದಿರಲಾರದು. ಆಮೇಲಾಮೇಲೆ ಹಾಡು ಎಷ್ಟೋ ಕಡೆ ಕತೆಯ ಹೊರಗೆ ನಿಂತಿತು. ನಾಯಕ ನಾಯಕಿ ಇಲ್ಲಿಂದ ಮಾಯವಾಗಿ ಯಾವುದೋ ಹಿಮಬೆಟ್ಟದಲ್ಲಿ ಕುಣಿದು ವಾಪಸು ಬರುತ್ತಾರೆ, ಕತೆ ಬಿಟ್ಟಲ್ಲೇ ಇರುತ್ತದೆ. ಅಂಥ ಹಾಡಿಗೆ ನೀವು ಫೋನ್ ನೋಡಿದರೆ ನನ್ನ ತಕರಾರಿಲ್ಲ.

ಮ್ಯೂಸಿಕಲ್‌ನಲ್ಲಿ ಹಾಡು ಕಿತ್ತರೆ ಕತೆಯೇ ಹರಿದುಹೋಗಬೇಕು. ‘ಸಿಂಗಿಂಗ್ ಇನ್ ದ ರೇನ್’ (1952) ಚಿತ್ರದಲ್ಲಿ ಜೀನ್ ಕೆಲಿ ಹುಡುಗಿಯನ್ನು ಬಾಗಿಲವರೆಗೆ ಬಿಟ್ಟು, ಕಾದಿದ್ದ ಕಾರನ್ನು ಕಳಿಸಿ, ಸುರಿವ ಮಳೆಯಲ್ಲಿ ಕೊಡೆ ಮಡಚುತ್ತಾನೆ. ದೀಪದ ಕಂಬ ಹತ್ತುತ್ತಾನೆ, ರಸ್ತೆಯಂಚಿನ ಹೊಂಡದಲ್ಲಿ ಮಗುವಿನ ಹಾಗೆ ನೀರು ಚಿಮ್ಮಿಸುತ್ತಾನೆ. ಪೊಲೀಸಿನವನು ಬಂದು ನಿಂತಾಗ ಹಾಡು ತಣ್ಣಗಾಗುತ್ತದೆ. ಹೋಗುತ್ತಾ ಹೋಗುತ್ತಾ ಕೊಡೆಯನ್ನು ದಾರಿಹೋಕನಿಗೆ ಕೊಟ್ಟುಬಿಡುತ್ತಾನೆ. ‘ನನಗೆ ತುಂಬಾ ಸಂತೋಷವಾಗಿದೆ’ ಎಂದು ಬಾಯಿಮಾತಲ್ಲಿ ಹೇಳಿಸಿದ್ದರೆ ಇದರ ನೂರರಲ್ಲೊಂದು ಪಾಲೂ ನಮಗೆ ಮುಟ್ಟುತ್ತಿರಲಿಲ್ಲ.

ಈ ಅಳತೆಗೆ ನಿಲ್ಲುವ ಕನ್ನಡ ಚಿತ್ರಗಳಿವೆ. ‘ಪ್ರೇಮಲೋಕ’ದಲ್ಲಿ (1987) ಹಂಸಲೇಖ ಕಾಲೇಜು ಹುಡುಗ ಹುಡುಗಿಯರ ಮಾತನ್ನೇ ಹಾಡಾಗಿಸಿದರು, ಜಗಳ, ಕೀಟಲೆ, ಒಪ್ಪಿಗೆ ಎಲ್ಲವೂ ಹಾಡಿನಲ್ಲೇ ನಡೆಯುತ್ತದೆ. ನಾಗಾಭರಣರ ‘ಮೈಸೂರ ಮಲ್ಲಿಗೆ’ (1992) ಇನ್ನೂ ದಿಟ್ಟ ಕೆಲಸ: ಕೆ.ಎಸ್. ನರಸಿಂಹಸ್ವಾಮಿಯವರ ಬಿಡಿ ಕವಿತೆಗಳನ್ನು ಪೋಣಿಸಿ ಒಂದು ದಾಂಪತ್ಯವನ್ನೇ ಕಟ್ಟಿದ ಚಿತ್ರ ಅದು. ಅಲ್ಲಿ ಹಾಡು ಬಂದಾಗ ದಯವಿಟ್ಟು ಫೋನ್ ಕೆಳಗಿಡಿ.

ಪ್ರಶ್ನೆ: ‘ಸೂರರೈ ಪೋಟ್ರು’ ನೋಡಿ ಕಣ್ಣೀರು ಹಾಕಿದೆ. ಆಮೇಲೆ ಬೇಸರವಾಯಿತು. ಅದರ ಮೂಲ ವ್ಯಕ್ತಿ, ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ನಮ್ಮ ಜಿಲ್ಲೆಯ ಗೊರೂರಿನವರು. ಸಿನಿಮಾದಲ್ಲಿ ಅವರು ಮಧುರೆ ಕಡೆಯವರಾಗಿಬಿಟ್ಟಿದ್ದಾರೆ. ಇದನ್ನು ಜೀವನಚಿತ್ರ ಎನ್ನಬಹುದೇ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ನಿಮ್ಮ ಕಣ್ಣೀರೂ ಬೇಸರವೂ ಎರಡೂ ನ್ಯಾಯವಾದವು, ಮೇಡಂ. ಗೋಪಿನಾಥ್ ಅವರ ‘ಸಿಂಪ್ಲಿ ಫ್ಲೈ’ ಪುಸ್ತಕದಿಂದ ಸುಧಾ ಕೊಂಗರ ಈ ಚಿತ್ರ ಮಾಡಿದ್ದು 2020ರಲ್ಲಿ. ಸೇನೆಯ ಕ್ಯಾಪ್ಟನ್ ಇಲ್ಲಿ ವಾಯುಪಡೆಯವನಾದ. 2024ರ ಹಿಂದಿ ‘ಸರ್ಫಿರಾ’ದಲ್ಲಿ ಮರಾಠಿಗನಾದ. ಕಲ್ಪನೆ ಬಹಳ ಬೆರೆತಿದೆ, ಆದರೂ ತನ್ನ ಕತೆಯ ತಿರುಳು ಉಳಿದಿದೆ ಎಂದು ಗೋಪಿನಾಥ್ ಅವರೇ ಬಹಿರಂಗವಾಗಿ ಮೆಚ್ಚಿದ್ದಾರೆ.

ಜೀವನಚಿತ್ರ ಬದಲಾವಣೆ ಮಾಡಿಯೇ ಮಾಡುತ್ತದೆ. ಒಂದು ಬದುಕು ಎರಡೂವರೆ ಗಂಟೆಗೆ ಇಡಿಯಾಗಿ ಹಿಡಿಸುವುದಿಲ್ಲ. ಬದಲಿಸಿದ್ದರಿಂದ ಆ ಮನುಷ್ಯ ನಮಗೆ ಹತ್ತಿರವಾದರೋ ದೂರವಾದರೋ ಎಂದು ನೋಡಬೇಕು. ಸಾಯುತ್ತಿರುವ ಅಪ್ಪನನ್ನು ನೋಡಲು ಹೊರಟ ನಾಯಕನಟ ಸೂರ್ಯನ ಪಾತ್ರಕ್ಕೆ ವಿಮಾನದ ಟಿಕೆಟ್ಟಿನ ದುಡ್ಡು ಸಾಲುವುದಿಲ್ಲ. ನಿಲ್ದಾಣದಲ್ಲಿ ಗುರುತು ಪರಿಚಯವಿಲ್ಲದವರ ಮುಂದೆ ಕೈಯೊಡ್ಡುತ್ತಾನೆ. ಅದು ಕಟ್ಟಿದ ದೃಶ್ಯ. ಆದರೆ 2003ರಲ್ಲಿ ಏರ್ ಡೆಕ್ಕನ್ ಹುಟ್ಟುವವರೆಗೆ ಆಕಾಶ ಯಾರ ಪಾಲಿನದಾಗಿತ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ಇಲ್ಲಿ ಸುಳ್ಳು ಸತ್ಯದ ಕೆಲಸ ಮಾಡಿದೆ. ನನಗೆ ನಷ್ಟವೆನಿಸುವುದು ಬೇರೆ: ಹೇಮಾವತಿ ಜಲಾಶಯಕ್ಕೆ ಮನೆತನದ ಜಮೀನು ಮುಳುಗಿ, ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಡೇರೆ ಹಾಕಿಕೊಂಡು ಬೇಸಾಯಕ್ಕಿಳಿದು, ರೇಷ್ಮೆ ಬೆಳೆದ ಆ ಮಾಜಿ ಸೈನಿಕ. ಆ ಹಠದ ರೈತನೇ ಮುಂದೆ ವಿಮಾನ ಹಾರಿಸಿದ್ದು. ಆ ಅಧ್ಯಾಯವೇ ಒಂದು ಸಿನಿಮಾ. ಅದನ್ನು ಹಾಸನದ ಮಣ್ಣಿನಲ್ಲಿ, ಕನ್ನಡದಲ್ಲಿ ಯಾರಾದರೂ ಮಾಡಬೇಕೆಂದು ನಾನೂ ಆಸೆಪಡುತ್ತೇನೆ.

ಕೆಟ್ಟ ಬದಲಾವಣೆಗೆ ಉದಾಹರಣೆ ‘ಬೊಹೀಮಿಯನ್ ರಾಪ್ಸೊಡಿ’ (2018). 1985ರ ಲೈವ್ ಏಯ್ಡ್ ಕಛೇರಿಗೆ ಮುಂಚೆಯೇ ರಾಕ್ ಗಾಯಕ ಫ್ರೆಡ್ಡಿ ಮರ್ಕ್ಯುರಿ ತನ್ನ ಮಾರಣಾಂತಿಕ ಕಾಯಿಲೆಯ ಸುದ್ದಿಯನ್ನು ಬ್ಯಾಂಡಿನ ಬಳಗಕ್ಕೆ ಹೇಳುವಂತೆ ತೋರಿಸಿದ್ದಾರೆ. ರೋಗ ಪತ್ತೆಯಾದದ್ದು ಆಮೇಲೆ ಎಂಬುದು ಅವರ ಆಪ್ತರಿಂದಲೇ ತಿಳಿದ ಸಂಗತಿ. ಕೊನೆಯ ಕಛೇರಿಗೆ ಕಣ್ಣೀರಿನ ಕಾವು ಕೊಡಲು ಒಬ್ಬ ಮನುಷ್ಯನ ಸಾವನ್ನು ಹಿಂದಕ್ಕೆಳೆದು ತರುವುದು ನನಗೆ ಸಹಿಸಲಾಗದು. ಆ ಕಛೇರಿಗೆ ಅಂಥ ಊರುಗೋಲು ಬೇಕೂ ಇರಲಿಲ್ಲ.

ಒಳ್ಳೆಯ ಉದಾಹರಣೆ ಬೇಕೆಂದರೆ ‘ಸಂತ ಶಿಶುನಾಳ ಷರೀಫ’ವನ್ನು (1990) ಇನ್ನೊಮ್ಮೆ ನೋಡಿ. ಷರೀಫರ ಬದುಕು ನಮಗೆ ತಲುಪಿರುವುದೇ ಬಹುಪಾಲು ಜನರ ಬಾಯಿಂದ, ಹಾಡಿನಿಂದ. ನಾಗಾಭರಣರು ಅದನ್ನು ಒಪ್ಪಿಕೊಂಡು ಹಾಡುಗಳ ಬೆನ್ನು ಹಿಡಿದೇ ಹೋಗುತ್ತಾರೆ. ಶ್ರೀಧರ್ ಅವರ ಷರೀಫ, ಗಿರೀಶ ಕಾರ್ನಾಡರ ಗೋವಿಂದ ಭಟ್ಟ, ಸಿ. ಅಶ್ವತ್ಥರ ಸಂಗೀತ ಮೂರೂ ಕೂಡಿ, ಗುರು ಶಿಷ್ಯರ ನಡುವೆ ಜಾತಿ ಮತ ಹೇಗೆ ಕರಗಿತು ಎಂಬುದು ವಿವರಣೆಯಿಲ್ಲದೆ ಅನುಭವಕ್ಕೆ ಬರುತ್ತದೆ.

ಪ್ರಶ್ನೆ: ಬೇಸಿಗೆ ರಜೆಗೆ ಅತ್ತೆಯವರು ಬಂದಿದ್ದಾರೆ. ಅವರಿಗೆ ನಿಜ ಕತೆ ಬೇಕು, ನನಗೆ ಹಾಡು ಬೇಕು, ಮಗನಿಗೆ ನಗು ಬೇಕು. ಎಲ್ಲರೂ ಕೂತು ನೋಡುವಂಥದ್ದು ಒಂದು ಹೇಳಿ.
– ಗೃಹಿಣಿ, ಶಿವಮೊಗ್ಗ

ಉತ್ತರ: ‘ದ ಸೌಂಡ್ ಆಫ್ ಮ್ಯೂಸಿಕ್’ (1965). ಮಠದಿಂದ ಬಂದ ಹುಡುಗಿ ಮರಿಯಾ, ಏಳು ತುಂಟ ಮಕ್ಕಳು, ಸೀಟಿ ಊದಿ ಮಕ್ಕಳನ್ನು ಕರೆಯುವ ಅಪ್ಪ. ಮಗ ಅಲ್ಲೇ ನಗುತ್ತಾನೆ. ಹಾಡುಗಳ ವಿಷಯ ಹೇಳಬೇಕಿಲ್ಲ. ಸ್ವರ ಕಲಿಸುವ ಹಾಡಿನ ಹೊತ್ತಿಗೆ ಮಕ್ಕಳೂ ಮರಿಯಾಳೂ ಒಂದೇ ಮನೆಯವರಾಗಿರುತ್ತಾರೆ.

ಅತ್ತೆಯವರಿಗೆ ಮಾತ್ರ ನಿಜ ಕತೆಯನ್ನು ಸಿನಿಮಾ ಮುಗಿದ ಮೇಲೆ ಹೇಳಿ. ಮರಿಯಾ ಮತ್ತು ಆ ಮಕ್ಕಳ ಅಪ್ಪ ಗೇಯೊರ್ಗ್ ಫಾನ್ ಟ್ರಾಪ್ ಮದುವೆಯಾದದ್ದು 1927ರಲ್ಲಿ, ನಾಜಿಗಳು ಆಸ್ಟ್ರಿಯಾಕ್ಕೆ ಬರುವ ಹನ್ನೊಂದು ವರ್ಷ ಮೊದಲು. ಆಕೆ ಬಂದದ್ದು ಎಲ್ಲ ಮಕ್ಕಳಿಗಲ್ಲ, ಕಾಯಿಲೆಯಿಂದ ನರಳಿದ್ದ ಒಬ್ಬಳು ಮಗಳಿಗೆ ಪಾಠ ಹೇಳಲು. ಸಿನಿಮಾದಲ್ಲಿ ಗಡಸಾಗಿರುವ ಅಪ್ಪ ನಿಜದಲ್ಲಿ ಮೃದು ಸ್ವಭಾವದವರೆಂದೂ, ಪರದೆಯ ಮೇಲಿನ ಆ ಗಡಸುತನ ತಮಗೆ ನೋವು ತಂದಿತೆಂದೂ ಮನೆಯವರು ಹೇಳಿದ್ದಾರೆ. 1938ರಲ್ಲಿ ಅವರು ಬೆಟ್ಟ ಹತ್ತಿ ಪಾರಾಗಲಿಲ್ಲ, ರೈಲು ಹತ್ತಿ ಇಟಲಿಗೆ ಹೋದರು. ಇಷ್ಟು ತಿಳಿದ ಮೇಲೂ ಅತ್ತೆಯವರಿಗೆ ಚಿತ್ರ ಹಿಡಿಸಿತೇ, ಯಾವ ಬದಲಾವಣೆಯನ್ನು ಅವರು ಒಪ್ಪುತ್ತಾರೆ, ಯಾವುದನ್ನು ಒಪ್ಪುವುದಿಲ್ಲ ಎಂದು ಕೇಳಿ ನನಗೆ ಬರೆಯಿರಿ.

ಚಿತ್ರ ಹತ್ತಿರ ಹತ್ತಿರ ಮೂರು ಗಂಟೆ ಇದೆ. ಔತಣದ ರಾತ್ರಿ ಮರಿಯಾ ಯಾರಿಗೂ ಹೇಳದೆ ಮನೆ ಬಿಟ್ಟು ಮಠಕ್ಕೆ ಹೊರಡುವಲ್ಲಿ ಮಧ್ಯಂತರ ಬರುತ್ತದೆ. ಊಟಕ್ಕೆ ಅಲ್ಲೇ ನಿಲ್ಲಿಸಿ.