ಟೀಚರ್ ಪೆನ್‌ಡ್ರೈವಿನಲ್ಲಿ ಕನ್ನಡ ಎಲ್ಲಿ ಹೋಯಿತು?

ಮಕ್ಕಳೇ, ನಿಮ್ಮ ಕ್ಲಾಸಿನಲ್ಲೂ ಇದು ಆಗಿರಬಹುದು. ಟೀಚರ್ ಪೆನ್‌ಡ್ರೈವ್ ಹಾಕಿ ವಿಜ್ಞಾನದ ನೋಟ್ಸ್ ತೆರೆಯುತ್ತಾರೆ. ಪರದೆಯಲ್ಲಿ ಕನ್ನಡವೇ ಇಲ್ಲ! ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ‘ಎ’ಗಳು, ನಡುನಡುವೆ ಪೌಂಡಿನ ಚಿಹ್ನೆ. "ಇದೆಂತದ್ದು ಟೀಚರ್?" ಅಂತ ಹಿಂದಿನ ಬೆಂಚಿನವರು ನಗುತ್ತಾರೆ.

ಕಾಸರಗೋಡಿನ ನಮ್ಮ ಶಾಲೆಯಲ್ಲಿ ನನಗೂ ಹೀಗೆ ಆಯಿತು. ಆ ದಿನ ಪ್ರೊಜೆಕ್ಟರ್ ಆಫ್ ಮಾಡಿ ಚಾಕ್ ಹಿಡಿದವಳು ಒಂದು ತಿಂಗಳು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಎಷ್ಟೋ ವರ್ಷ ಕೂತು ಟೈಪ್ ಮಾಡಿದ ನೋಟ್ಸು, ಪ್ರಶ್ನೆಪತ್ರಿಕೆ ಎಲ್ಲ ಹಾಳಾಯಿತು ಅಂತಲೇ ತಿಳಿದಿದ್ದೆ. ಕನ್ನಡ ಮಾಧ್ಯಮಕ್ಕೆ ಇಲ್ಲಿ ನೋಟ್ಸ್ ಸಿಗುವುದೇ ಕಡಿಮೆ.

ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಕ್ಲಬ್ ಇದೆಯಲ್ಲ, ಅದರಲ್ಲಿದ್ದ ಒಂಬತ್ತನೆಯ ಕ್ಲಾಸಿನ ಹುಡುಗಿ ಒಬ್ಬಳು ಹೇಳಿದಳು: "ಫೈಲ್ ಹಾಳಾಗ್ಲಿಲ್ಲ ಟೀಚರ್, ಫಾಂಟ್ ಇಲ್ಲ, ಅಷ್ಟೆ."

ಅವಳು ಹೇಳಿದ್ದು ಸರಿ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಳೆಯ ಫಾಂಟುಗಳಲ್ಲಿ ಇದ್ದದ್ದು 256 ಮನೆ. ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ಕನ್ನಡಕ್ಕೆ ಜಾಗವೇ ಇರಲಿಲ್ಲ. ಅದಕ್ಕೆ ನಮ್ಮವರು ಒಂದು ಉಪಾಯ ಮಾಡಿದರು: ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಅಂದರೆ ಎರಡು ತುಂಡು: 80ನೇ ಮನೆಯಲ್ಲಿ ಅಕ್ಷರದ ಒಡಲು, 192ನೇ ಮನೆಯಲ್ಲಿ ತಲೆಕಟ್ಟು. 80 ಇಂಗ್ಲಿಷಿನ ‘ಪಿ’ಯ ಮನೆ, 192 ಗೆರೆ ಇರುವ ‘ಎ’ಯದ್ದು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಮನೆಯ ಹಳೆಯ ಯಜಮಾನರು ಹೊರಗೆ ಬರುತ್ತಾರೆ!

ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ, ಒಟ್ಟು 128. ‘ಕ’ದ ಸಂಖ್ಯೆ 3221. ಅದು ಕಾಸರಗೋಡಿನ ಲ್ಯಾಪ್‌ಟಾಪಿನಲ್ಲೂ ಸೊಲ್ಲಾಪುರದ ಮೊಬೈಲಿನಲ್ಲೂ ‘ಕ’ವೇ. ‘ಕ್ಷ’ ಬರೆಯಲು ಮೂರು ಸಂಖ್ಯೆ ಬೇಕು: ಕ, ವಿರಾಮ ಚಿಹ್ನೆ, ಷ. ಒತ್ತಕ್ಷರವನ್ನು ಫಾಂಟ್ ತಾನೇ ಜೋಡಿಸುತ್ತದೆ.

ಹಳೆಯ ಫೈಲನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆ ಹುಡುಗಿ ಮೌಸ್ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಪಕ್ಕದಲ್ಲಿ ನಿಂತು "ಈಗ ಅದನ್ನು ಒತ್ತಿ ಟೀಚರ್" ಅಂದಳು. ನೀವೂ ಹಾಗೇ ಮಾಡಿ. ನೀವೇ ಪಟಪಟ ಮಾಡಿಬಿಟ್ಟರೆ ಮರುದಿನ ಮತ್ತೆ ನಿಮ್ಮನ್ನೇ ಕರೆಯಬೇಕಾಗುತ್ತದೆ. ಟೈಪಿಂಗಿಗೆ ಉಬುಂಟುವಿನಲ್ಲಿ ‘ಕಗಪ’ ಕೀಲಿಮಣೆ ಆರಿಸಿಕೊಂಡೆವು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ‘ಕನ್ನಡ’. ನುಡಿಯಲ್ಲಿ ಕೈ ಪಳಗಿದ್ದ ನನಗೆ ಹೊಸತು ಏನೂ ಇರಲಿಲ್ಲ.

ಪರಿವರ್ತನೆ ಆದ ಮೇಲೆ ಓದಿ ನೋಡಲೇಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ’ ಮೊದಲು. ಅಲ್ಲಿ ತಪ್ಪು ನುಸುಳಬಹುದು. ಇನ್ನೊಂದು ತಮಾಷೆ: ಪರಿವರ್ತಕಕ್ಕೆ ರಸಾಯನಶಾಸ್ತ್ರ ಬರುವುದಿಲ್ಲ. ಇಂಗ್ಲಿಷ್ ‘ಹೆಚ್’ನ ಮನೆಯಲ್ಲಿ ‘ಊ’ ಇದೆ, ‘ಓ’ದ ಮನೆಯಲ್ಲಿ ‘ಔ’. ನನ್ನ ಪ್ರಶ್ನೆಪತ್ರಿಕೆಯಲ್ಲಿ ನೀರಿನ ಸೂತ್ರ ‘ಊ2ಔ’ ಆಗಿ ಕೂತಿತ್ತು. ಅದನ್ನು ಹಿಡಿದದ್ದೂ ಅವಳೇ.

ಈಗ ನಿಮಗೆ ಎರಡು ಪ್ರಶ್ನೆ. ಯುನಿಕೋಡಿನಲ್ಲಿ ‘ಸೂರ್ಯ’ ಬರೆಯಲು ಎಷ್ಟು ಸಂಖ್ಯೆ ಬೇಕು? ಅದೇ ಪತ್ರಿಕೆಯಲ್ಲಿ ‘ಅಔ2’ ಎಂದೂ ಇತ್ತು. ಗಾಳಿಯಲ್ಲಿದೆ, ಗಿಡಗಳಿಗೆ ಬೇಕು. ಯಾವ ಅನಿಲ ಅದು?