ತಯಾರಿಕೆ ನಿಂತ ಬಗ್ಗಿಯ ಬಿಡಿಭಾಗವೂ ಕೊಳ್ಳುವವನ ಹಕ್ಕೂ

ವಸ್ತುವೊಂದರ ತಯಾರಿಕೆ ನಿಂತು ದಶಕಗಳು ಕಳೆದ ಮೇಲೆ ಅದರ ಒಂದು ಹಲ್ಲುಚಕ್ರವನ್ನೋ ಒಂದು ಸಸ್ಪೆನ್ಷನ್ ತೋಳನ್ನೋ ಒದಗಿಸಿಕೊಡೆಂದು ತಯಾರಕನನ್ನು ನಿರ್ಬಂಧಿಸುವ ಅಧಿಕಾರ ಕೊಂಡವನಿಗುಂಟೆ ಎಂಬ ಪ್ರಶ್ನೆಯನ್ನು ಮೋಟಾರು ಕಾರಿನ ವಿಷಯದಲ್ಲಿ ಕೇಳಿದರೆ ವಕೀಲರು ಗಂಭೀರವಾಗಿ ಉತ್ತರಿಸುತ್ತಾರೆ. ಅದನ್ನೇ ರೇಡಿಯೋ ನಿಯಂತ್ರಣದಿಂದ ಓಡುವ ಮೊಳದುದ್ದದ ರೇಸಿಂಗ್ ಬಗ್ಗಿಯ ವಿಷಯದಲ್ಲಿ ಕೇಳಿದರೆ ಮುಗುಳುನಗುತ್ತಾರೆ. ನಗಬೇಕಾದ ಕಾರಣವೇನೂ ಇಲ್ಲ. 1930ರ ಸರಕು ಮಾರಾಟ ಅಧಿನಿಯಮಕ್ಕಾಗಲಿ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮಕ್ಕಾಗಲಿ ಸರಕು ಸರಕೇ. ಅದರ ಬೆಲೆ ಮುನ್ನೂರು ರೂಪಾಯಿಯೋ ಮೂರು ಲಕ್ಷವೋ ಎಂಬುದರಿಂದ ಹಕ್ಕಿನ ಸ್ವರೂಪ ಬದಲಾಗುವುದಿಲ್ಲ.

ಇಂಥ ಬಗ್ಗಿಗಳ ವಂಶಾವಳಿಯನ್ನು ಅರಿಯದೆ ಹೊರಟವನಿಗೆ ಬಿಡಿಭಾಗವೂ ದೊರೆಯದು, ದೂರು ಕೊಡಲು ಆಧಾರವೂ ದೊರೆಯದು. ಜಪಾನಿನ ಶಿಜುವೊಕಾ ನಗರದ ತಮಿಯಾ ಸಂಸ್ಥೆ 1984ರಲ್ಲಿ ಹೊರತಂದ ಹಾರ್ನೆಟ್ ಬಗ್ಗಿಗೆ 58045 ಎಂಬ ಸಂಖ್ಯೆಯಿದ್ದರೆ, ಇಪ್ಪತ್ತು ವರ್ಷಗಳ ತರುವಾಯ 2004ರಲ್ಲಿ ಅದೇ ಸಂಸ್ಥೆ ಅದೇ ಹೆಸರಿನಲ್ಲಿ ಮರುತಯಾರಿಸಿದ್ದಕ್ಕೆ 58336 ಎಂಬ ಬೇರೆಯೇ ಸಂಖ್ಯೆಯುಂಟು. ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಕೂಡ ಹುಟ್ಟಿದ್ದು 1984ರಲ್ಲಿಯೇ. ಅದಕ್ಕೂ 2013ರಲ್ಲಿ ಪುನರ್ಜನ್ಮ ಲಭಿಸಿತು. ಈ ಮರುತಯಾರಿಕೆಗಳೇ ಇಂದು ಹಳೆಯ ಬಗ್ಗಿಯ ಒಡೆಯನಿಗಿರುವ ದೊಡ್ಡ ಆಸರೆ, ಮತ್ತು ಸೂಕ್ಷ್ಮವಾಗಿ ನೋಡಿದರೆ ವ್ಯಾಜ್ಯಗಳ ಮೂಲವೂ ಹೌದು. ಜಪಾನಿನ ಗಾಡಿಗೆ ಮಿಲಿಮೀಟರಿನ ಸ್ಕ್ರೂ, ಅಮೆರಿಕದ ಆರ್‌ಸಿ10ಕ್ಕೆ ಅಂಗುಲ ಲೆಕ್ಕದ ನಾಲ್ಕು-ನಲವತ್ತು ಮರೆಯ ಸ್ಕ್ರೂ, ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಕೈಗೆ ಸಿಗುವ ಮೂರು ಮಿಲಿಮೀಟರಿನ ಸ್ಕ್ರೂವನ್ನು ಎರಡನೆಯದರಲ್ಲಿ ಒತ್ತಿ ತಿರುಗಿಸಿದರೆ ಮರೆ ಕಿತ್ತುಹೋಗುವುದು ಖಂಡಿತ. ಇದಕ್ಕೆ ವ್ಯತಿರಿಕ್ತವಾಗಿ ಹಾರ್ನೆಟ್ಟಿನ ಚಕ್ರಕ್ಕೆ ಬೇಕಾದ ಐದು-ಹನ್ನೊಂದು-ನಾಲ್ಕು ಮಿಲಿಮೀಟರ್ ಅಳತೆಯ ಬೇರಿಂಗು ಯಾವುದೇ ಬೇರಿಂಗ್ ಅಂಗಡಿಯಲ್ಲಿ ಕೇಳಬಹುದಾದ ವಸ್ತು. ಅದಕ್ಕಾಗಿ ಸಮುದ್ರದಾಚೆಗೆ ಪತ್ರ ಬರೆಯಬೇಕಿಲ್ಲ.

ಮೊದಲ ಪ್ರಶ್ನೆಗೆ ಬರೋಣ. ಇಂತಿಷ್ಟು ವರ್ಷ ಬಿಡಿಭಾಗ ಒದಗಿಸಲೇಬೇಕೆಂದು ಸಕಲ ವಸ್ತುಗಳ ತಯಾರಕರಿಗೂ ಅನ್ವಯಿಸುವ ಸಾಮಾನ್ಯ ವಿಧಿ ಭಾರತದ ಕಾನೂನಿನಲ್ಲಿ ಇಲ್ಲ. ದುರಸ್ತಿಯ ಹಕ್ಕಿನ ವಿಷಯದಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿಯೊಂದನ್ನು ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಒಂದು ಜಾಲತಾಣವನ್ನು ತೆರೆಯಿತಾದರೂ, ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳು ಕೃಷಿ ಸಲಕರಣೆ, ಮೊಬೈಲು ಮತ್ತಿತರ ವಿದ್ಯುನ್ಮಾನ ಸಾಧನ, ಗೃಹೋಪಯೋಗಿ ಯಂತ್ರ ಮತ್ತು ಮೋಟಾರು ವಾಹನ. ಆಟದ ಬಗ್ಗಿಗೆ ಅಲ್ಲಿ ಸ್ಥಾನವಿಲ್ಲ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ತಮ್ಮ ಅಧಿಕೃತ ಮಾರಾಟಗಾರರ ಮುಷ್ಟಿಯಲ್ಲಿಯೇ ಇರಿಸಿಕೊಂಡರೆಂದು ಹದಿನಾಲ್ಕು ಕಾರು ಕಂಪನಿಗಳಿಗೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿದ್ದೂ, ಅದು ಮೇಲ್ಮನವಿಗಳ ಹಾದಿ ಹಿಡಿದದ್ದೂ ಪ್ರಸಿದ್ಧವೇ. ಆದರೆ ಆ ಆದೇಶದ ಆಧಾರ ಇರುವ ಭಾಗವನ್ನು ಬಚ್ಚಿಟ್ಟದ್ದೇ ಹೊರತು ಇಲ್ಲದ ಭಾಗವನ್ನು ಸೃಷ್ಟಿಸದಿದ್ದದ್ದಲ್ಲ. ವಿನೋದವೆಂದರೆ, ಇದೇ ಸರ್ಕಾರದ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅನುಸೂಚಿಯಲ್ಲಿ ಆಟಿಕೆಗಳ ವರ್ಗವೊಂದಿದೆ: ಗಾಡಿ ಸತ್ತ ಮೇಲೆ ಅದರ ಸಂಸ್ಕಾರದ ಚಿಂತೆ ನಿಯಮಕಾರರಿಗುಂಟು, ಬದುಕಿರುವಾಗಿನ ಚಿಕಿತ್ಸೆಯ ಚಿಂತೆಯಿಲ್ಲ.

ಹಾಗೆಂದು ಕೊಳ್ಳುವವನು ನಿರಾಯುಧನಲ್ಲ. ತಯಾರಕನೋ ಅವನ ಪ್ರತಿನಿಧಿಯೋ ಇಂತಿಷ್ಟು ವರ್ಷ ಭಾಗಗಳು ದೊರೆಯುವುವೆಂದು ಜಾಹೀರಾತಿನಲ್ಲಾಗಲಿ ವಾರಂಟಿ ಪತ್ರದಲ್ಲಾಗಲಿ ಹೇಳಿದ್ದರೆ ಆ ಮಾತಿಗೆ ಅವನು ಬದ್ಧನು. ಮಾತು ತಪ್ಪಿದರೆ ಅದು ಅನುಚಿತ ವ್ಯಾಪಾರ ಪದ್ಧತಿಯಾಗಬಲ್ಲುದು. ಮಾರಿದವನು ಏನು ಹೇಳಿದನು, ಕೊಂಡವನು ಏನು ಕೇಳಿದನು ಎಂಬುದರ ಲಿಖಿತ ರೂಪವೇ ಇಲ್ಲಿ ಹಕ್ಕಿನ ಬುನಾದಿ. ಈ ಒಂದು ಅಂಶವನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ.

ತಮಿಯಾದ ಫ್ರಾಗ್ ಎಂಬ ಬಗ್ಗಿಯನ್ನೇ ತೆಗೆದುಕೊಳ್ಳಿ. 1983ರ ಮೂಲ ಗಾಡಿಯಲ್ಲಿ ಗೇರುಪೆಟ್ಟಿಗೆಯಿಂದ ಹಿಂಚಕ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡದ ತುದಿ ಷಟ್ಕೋನಾಕೃತಿಯದು. ಆ ಆರು ಮೂಲೆಗಳು ಕಾಲಕ್ರಮದಲ್ಲಿ ಸವೆದು ದುಂಡಗಾಗಿ, ಮೋಟಾರು ಭೋರ್ಗರೆಯುತ್ತಿದ್ದರೂ ಚಕ್ರ ನಿಂತಲ್ಲೇ ನಿಲ್ಲುವುದು ಅದರ ಹೆಸರಾಂತ ದೋಷ. 2005ರ ಮರುತಯಾರಿಕೆಯಲ್ಲಿ ಸಂಸ್ಥೆ ಈ ದೋಷವನ್ನು ನೀಗಿ, ತುದಿಯಲ್ಲಿ ಅಡ್ಡ ಪಿನ್ನುಳ್ಳ ದಂಡವನ್ನು ಅಳವಡಿಸಿತು. ಆದ್ದರಿಂದ ಅಂಗಡಿಯವನು ಫ್ರಾಗಿನ ದಂಡವೆಂದು ಹೊಸದನ್ನು ಕೊಟ್ಟರೆ ಅವನ ಮಾತು ಸುಳ್ಳಲ್ಲ. ಕೊಂಡವನ ಹಳೆಯ ಗೇರುಪೆಟ್ಟಿಗೆಗೆ ಮಾತ್ರ ಅದು ಕೂಡುವುದಿಲ್ಲ. ಇಂಥ ಸನ್ನಿವೇಶಕ್ಕೆ ಸರಕು ಮಾರಾಟ ಅಧಿನಿಯಮದ 15 ಮತ್ತು 16ನೆಯ ಪ್ರಕರಣಗಳು ಹೇಳಿ ಮಾಡಿಸಿದಂತಿವೆ. ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ಹೊಂದಿಕೆಯಾಗಿರಲೇಬೇಕೆಂಬುದು ಮೊದಲನೆಯದು. ತನಗೆ ಯಾವ ಉದ್ದೇಶಕ್ಕಾಗಿ ವಸ್ತು ಬೇಕೆಂಬುದನ್ನು ಕೊಳ್ಳುವವನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಮತ್ತು ಮಾರುವವನು ಅಂಥ ಸರಕಿನ ವ್ಯಾಪಾರವನ್ನೇ ಮಾಡುವವನಾಗಿದ್ದರೆ, ವಸ್ತು ಆ ಉದ್ದೇಶಕ್ಕೆ ಯೋಗ್ಯವಾಗಿರತಕ್ಕದ್ದೆಂಬುದು ಎರಡನೆಯದು. ಆದರೆ ಈ ಎರಡನೆಯ ಪ್ರಕರಣಕ್ಕೆ ಜೋಡಿಸಿದ ಒಂದು ಪರಂತುಕವನ್ನು ಬಹು ಜನ ಗಮನಿಸುವುದಿಲ್ಲ: ನಿರ್ದಿಷ್ಟ ವಸ್ತುವನ್ನು ಅದರ ಪೇಟೆಂಟ್ ಹೆಸರಿನಿಂದಲೋ ವ್ಯಾಪಾರನಾಮದಿಂದಲೋ ಕೇಳಿ ಕೊಂಡರೆ ಯೋಗ್ಯತೆಯ ಆ ಸೂಚಿತ ಷರತ್ತು ಹುಟ್ಟುವುದಿಲ್ಲ. ಎಂದರೆ, ಕಂಪನಿಯ ಹೆಸರನ್ನೂ ಭಾಗದ ಸಂಖ್ಯೆಯನ್ನೂ ಮಾತ್ರ ಬರೆದು ಹಣ ಕಳುಹಿಸಿದವನು, ಆ ಭಾಗ ತನ್ನ ಗಾಡಿಗೆ ಕೂಡಲಿಲ್ಲವೆಂದು ಅನಂತರ ದೂರಿದರೆ, ಕೇಳಿದ್ದನ್ನೇ ಕೊಟ್ಟೆನಲ್ಲ ಎಂಬ ಪ್ರತಿವಾದಕ್ಕೆ ಉತ್ತರಿಸುವುದು ಕಷ್ಟವಾಗುತ್ತದೆ. ಹಾಗಾಗದಿರಲು, 1983ರ ಮೂಲ ಫ್ರಾಗಿಗೆ, ಷಟ್ಕೋನ ತುದಿಯ ಗೇರುಪೆಟ್ಟಿಗೆಗೆ ಕೂಡುವ ದಂಡ ಬೇಕು, ಇದು ಕೂಡುವುದೇ ಎಂದು ಹಣ ಕೊಡುವ ಮುನ್ನ ಸಂದೇಶದಲ್ಲಿ ಕೇಳಿ, ಹೌದೆಂಬ ಉತ್ತರವನ್ನು ಭಾವಚಿತ್ರದೊಡನೆ ಉಳಿಸಿಕೊಳ್ಳತಕ್ಕದ್ದು. ಎರಡು ಸಾಲಿನ ಈ ಪ್ರಶ್ನೋತ್ತರ ಮುಂದೆ ಗ್ರಾಹಕ ಆಯೋಗದ ಎದುರಿಗೆ ದೀರ್ಘ ವಾದಕ್ಕಿಂತ ಹೆಚ್ಚು ತೂಗುತ್ತದೆ.

ಭಾಗ ಕೈಸೇರಿದ ಮೇಲಿನ ನಡವಳಿಕೆಯೂ ಅಷ್ಟೇ ಮುಖ್ಯ. ಕೂಡದ ತೋಳನ್ನು ಕಂಡ ಕೂಡಲೇ ಅರ ಹಿಡಿದು ಉಜ್ಜುವುದೋ, ಡ್ರಿಲ್ಲಿನಿಂದ ತೂತನ್ನು ಹಿಗ್ಗಿಸುವುದೋ ಈ ಹವ್ಯಾಸಿಗಳ ಸ್ವಭಾವ. ಸರಕು ಮಾರಾಟ ಅಧಿನಿಯಮದ 42ನೆಯ ಪ್ರಕರಣದಂತೆ ಮಾರಿದವನ ಒಡೆತನಕ್ಕೆ ವಿರುದ್ಧವಾದ ಇಂಥ ಕೃತ್ಯವೇ ಸರಕನ್ನು ಸ್ವೀಕರಿಸಿದುದಕ್ಕೆ ಸಮನಾಗಿಬಿಡಬಹುದು, ಅಲ್ಲಿಂದ ಮುಂದೆ ತಿರಸ್ಕರಿಸುವ ಹಕ್ಕು ಹೋಗಿ ನಷ್ಟ ಕೇಳುವ ಹಕ್ಕಷ್ಟೇ ಉಳಿಯುವುದು. ತಿರಸ್ಕರಿಸಿದೆನೆಂದು ವಿಳಂಬವಿಲ್ಲದೆ ಬರೆದು ತಿಳಿಸಿದರೆ ಸಾಕು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅದನ್ನು ಹಿಂದಿರುಗಿಸಿ ಕಳುಹಿಸುವ ಹೊಣೆ ಕೊಂಡವನದಲ್ಲವೆಂದು 43ನೆಯ ಪ್ರಕರಣ ಹೇಳುತ್ತದೆ.

ಮಾರಿದ ಮಾಲನ್ನು ಹಿಂಪಡೆಯುವುದಿಲ್ಲವೆಂಬ ಫಲಕ ಅಂಗಡಿಯ ಗೋಡೆಯ ಮೇಲಿದ್ದ ಮಾತ್ರಕ್ಕೆ ದೋಷಯುಕ್ತ ಸರಕಿನ ವಿಷಯದಲ್ಲಿ ಅದು ರಕ್ಷಾಕವಚವಾಗದು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ ಮೂವತ್ತು ದಿನಗಳೊಳಗೆ, ದೋಷವುಳ್ಳ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನೂ, ಬಿಲ್ಲನ್ನೇ ಕೊಡದಿರುವುದನ್ನೂ 2019ರ ಅಧಿನಿಯಮ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಅಂತರ್ಜಾಲದ ಮಾರಾಟವಾದರೆ 2020ರ ಇ-ವಾಣಿಜ್ಯ ನಿಯಮಗಳಂತೆ ಆ ಸಂಸ್ಥೆಯ ಅಹವಾಲು ಅಧಿಕಾರಿ ದೂರು ತಲುಪಿದುದನ್ನು ನಲವತ್ತೆಂಟು ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ಹಳೆಯ ಬಗ್ಗಿಯ ಭಾಗಗಳು ಹೆಚ್ಚಾಗಿ ಕೈಬದಲಾಗುವುದು ಹವ್ಯಾಸಿಯಿಂದ ಹವ್ಯಾಸಿಗೆ. ತನ್ನ ಅಟ್ಟದ ಪೆಟ್ಟಿಗೆಯಿಂದ ಒಂದು ಚಾಸಿಯನ್ನು ತೆಗೆದು ಮಾರುವ ಖಾಸಗಿ ವ್ಯಕ್ತಿ ವ್ಯಾಪಾರಿಯಲ್ಲ. ಅವನ ಮೇಲೆ ಗ್ರಾಹಕ ಆಯೋಗದಲ್ಲಿ ದೂರು ನಿಲ್ಲುವುದು ದುಸ್ತರ, ಯೋಗ್ಯತೆಯ ಸೂಚಿತ ಷರತ್ತೂ ಅವನಿಗೆ ಅನ್ವಯಿಸದು. ವರ್ಣನೆಗೆ ಹೊಂದದ ಸರಕು, ಅಥವಾ ಬಿರುಕಿಲ್ಲವೆಂದು ಹೇಳಿ ಬಿರುಕಿರುವುದನ್ನು ಕೊಟ್ಟ ತಪ್ಪು ನಿರೂಪಣೆ, ಇವುಗಳ ಮೇಲೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ದಾರಿಯೊಂದೇ ಉಳಿಯುವುದು; ನಾನೂರು ರೂಪಾಯಿಯ ವಸ್ತುವಿಗಾಗಿ ಆ ದಾರಿ ಹಿಡಿಯುವುದನ್ನು ನಾನಂತೂ ಯಾರಿಗೂ ಸಲಹೆ ಮಾಡೆನು. ನಾಲ್ಕೂ ಕಡೆಯಿಂದ ಹೊಸದಾಗಿ ತೆಗೆದ ಭಾವಚಿತ್ರಗಳನ್ನು ಮೊದಲೇ ಕೇಳುವುದು ಅದಕ್ಕಿಂತ ಅಗ್ಗದ ಉಪಾಯ.

ಎಲ್ಲಿಯೂ ಸಿಗದ ಭಾಗವನ್ನು ಪೀಣ್ಯದ ಲೇತ್ ಕೆಲಸಗಾರನಿಂದ ಮಾಡಿಸಿಕೊಳ್ಳಬಹುದೆ, ತ್ರಿಆಯಾಮ ಮುದ್ರಣಯಂತ್ರದಿಂದ ತೆಗೆಸಬಹುದೆ ಎಂದು ಕೇಳುವವರುಂಟು. ಧಾರಾಳವಾಗಿ. ಪೇಟೆಂಟಿನ ಆಯುಷ್ಯ ಇಪ್ಪತ್ತು ವರ್ಷ, ನೋಂದಾಯಿತ ವಿನ್ಯಾಸದ್ದು ಹತ್ತು ಮತ್ತು ವಿಸ್ತರಿಸಿದರೆ ಇನ್ನೈದು; ಅದೂ ಭಾರತದಲ್ಲಿ ಪಡೆದಿದ್ದರೆ ಮಾತ್ರ. 1984ರ ಗಾಡಿಯ ಮೂಲ ತೋಳಿಗೆ ಅವೆಲ್ಲ ಎಂದೋ ಮುಗಿದ ಕಥೆ. ನಾಲ್ಕು ಜನರಿಗೆ ಮಾಡಿ ಮಾರುವ ಕುಶಲಕರ್ಮಿಗೂ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 30ನೆಯ ಪ್ರಕರಣ ರಕ್ಷಣೆ ಕೊಡುತ್ತದೆ: ಬಿಡಿಭಾಗವು ಯಾವ ಗಾಡಿಗೆ ಹೊಂದುವುದೆಂದು ತಿಳಿಸಲು ಅವಶ್ಯವಾದಷ್ಟು ಮಟ್ಟಿಗೆ ಮತ್ತೊಬ್ಬರ ಹೆಸರನ್ನು ಬಳಸಬಹುದು. ಹಾರ್ನೆಟ್ಟಿಗೆ ಹೊಂದುವ ತೋಳು ಎಂದು ಬರೆಯುವುದು ನ್ಯಾಯಸಮ್ಮತ. ತಮಿಯಾದ ಎರಡು ನಕ್ಷತ್ರಗಳ ಲಾಂಛನವನ್ನೇ ಅಚ್ಚೊತ್ತಿ ಮಾರುವುದು ಅಪರಾಧ. ಹೊದಿಕೆಯ ಮೇಲಿನ ಸ್ಟಿಕ್ಕರುಗಳ ಚಿತ್ರಕ್ಕೆ ಕೃತಿಸ್ವಾಮ್ಯ ಬೇರೆಯೇ ಇರುವುದರಿಂದ ಅವನ್ನು ಮುದ್ರಿಸಿ ಮಾರುವವರೂ ಎಚ್ಚರದಿಂದಿರಬೇಕು.

ವಿದೇಶದಿಂದ ತರಿಸುವವರು ಮರೆಯಬಾರದ ಸಂಗತಿಗಳು ಕೆಲವುಂಟು. ಹಿಂದೆ ಐದು ಸಾವಿರ ರೂಪಾಯಿಯವರೆಗಿನ ಉಡುಗೊರೆಗೆ ಇದ್ದ ಸುಂಕವಿನಾಯಿತಿ 2019ರ ಡಿಸೆಂಬರಿನಲ್ಲಿ ರದ್ದಾಯಿತು. ಉಡುಗೊರೆಯೆಂದು ಬರೆಯಿಸಿ, ಬೆಲೆಯನ್ನು ಇಳಿಸಿ ತರಿಸಿದರೆ ಸುಂಕ ಉಳಿಯುವುದಕ್ಕೆ ಬದಲು ಸರಕು ಮುಟ್ಟುಗೋಲಾದೀತು. ದುಬೈಯಿಂದಲೋ ಕುವೈತಿನಿಂದಲೋ ರಜೆಗೆ ಬರುವ ಬಂಧುವಿನ ಪೆಟ್ಟಿಗೆಯಲ್ಲಿ, ಪ್ರಯಾಣಿಕರ ಸಾಮಾನಿನ ಮಿತಿಯೊಳಗೆ, ತರಿಸಿಕೊಳ್ಳುವುದು ನಮ್ಮ ಕರಾವಳಿಯವರಿಗೆ ಹೊಸತಲ್ಲ, ತಪ್ಪೂ ಅಲ್ಲ. 2021ರ ಜನವರಿಯಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದಿಷ್ಟವಾದ ವಸ್ತುಗಳಿಗೆ ಐ.ಎಸ್.ಐ. ಗುರುತನ್ನು ಕಡ್ಡಾಯಗೊಳಿಸಿದೆ. ಆ ಗುರುತಿಲ್ಲವೆಂಬ ಆಕ್ಷೇಪದ ಮೇಲೆ ಪೊಟ್ಟಣ ತಡೆಯಲ್ಪಟ್ಟರೆ, ಬಗ್ಗಿಯ ಪೆಟ್ಟಿಗೆಯ ಮೇಲಿರುವ ವಯಸ್ಸಿನ ಸೂಚನೆಯ ಚಿತ್ರವನ್ನು ಲಗತ್ತಿಸಿ ಲಿಖಿತ ವಿವರಣೆ ಕೊಡಿರಿ. ಸುಂಕ ನಿರ್ಧಾರ ತಪ್ಪೆಂದು ತೋರಿದರೆ 1962ರ ಕಸ್ಟಮ್ಸ್ ಅಧಿನಿಯಮದಂತೆ ಆದೇಶ ತಲುಪಿದ ಅರವತ್ತು ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ರೇಡಿಯೋ ಪ್ರೇಷಕವೇ ಕೆಟ್ಟಿದ್ದರೆ, 27 ಮೆಗಾಹರ್ಟ್ಜಿನ ನಾಗರಿಕ ತರಂಗಪಟ್ಟಿಯೂ 2.4 ಗಿಗಾಹರ್ಟ್ಜಿನ ಪಟ್ಟಿಯೂ ಮಿತ ಶಕ್ತಿಯಲ್ಲಿ ಪರವಾನಗಿಯಿಂದ ಮುಕ್ತವಾಗಿವೆಯಾದರೂ ವಿದೇಶದಿಂದ ತರಿಸುವ ಸಲಕರಣೆಗೆ ಮಾದರಿ ಅನುಮೋದನೆಯ ಪ್ರಶ್ನೆ ಏಳುತ್ತದೆ. ಹಳೆಯ ಪ್ರೇಷಕದ ಮೋಹವನ್ನು ಬಿಟ್ಟು, ಇಲ್ಲಿಯೇ ಬಿಲ್ಲಿನೊಡನೆ ದೊರೆಯುವ 2.4 ಗಿಗಾಹರ್ಟ್ಜಿನ ಜೋಡಿಯನ್ನು ಕೂಡಿಸುವುದು ಲೇಸು.

ಇಷ್ಟೆಲ್ಲ ಎಚ್ಚರಿಕೆಯ ಮೇಲೂ ವ್ಯಾಪಾರಿ ವಂಚಿಸಿದರೆ, ಮೊದಲು ಅವನಿಗೆ ಲಿಖಿತ ನೋಟೀಸು ಕಳುಹಿಸಿ, ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅನೇಕ ಪ್ರಸಂಗಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಆಗದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗವುಂಟು. ಅಂಗಡಿ ದೆಹಲಿಯಲ್ಲಿದ್ದರೂ ದೂರುದಾರನು ವಾಸಿಸುವ ಶಿವಮೊಗ್ಗದಲ್ಲೋ ಬಳ್ಳಾರಿಯಲ್ಲೋ ದೂರು ಸಲ್ಲಿಸಬಹುದೆಂಬುದು 2019ರ ಅಧಿನಿಯಮದ ದೊಡ್ಡ ಉಪಕಾರ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಲು ಬರುತ್ತದೆ. ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಬಗ್ಗಿಗಳನ್ನು ದುರಸ್ತಿ ಮಾಡಿ ಮಾರುವುದನ್ನೇ ದೊಡ್ಡ ವಾಣಿಜ್ಯವಾಗಿ ನಡೆಸುವವನು ಗ್ರಾಹಕನೆನಿಸಿಕೊಳ್ಳನು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾಡುವವನಿಗೆ ಮಾತ್ರ ವಿನಾಯಿತಿಯಿದೆ. ದೂರಿನೊಡನೆ ಬಿಲ್ಲು, ಸಂದೇಶಗಳ ಪ್ರತಿ ಮತ್ತು ನೋಟೀಸಿನ ಅಂಚೆ ರಸೀದಿಯನ್ನು ಲಗತ್ತಿಸಿ, ಕೂಡದ ಭಾಗವನ್ನು ಬಂದ ಪೊಟ್ಟಣದಲ್ಲಿಯೇ ಮುಟ್ಟದೆ ಇಟ್ಟಿರಬೇಕು. ಏಕೆಂದರೆ ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದಿದ್ದರೆ ಆಯೋಗ ಅದನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು. ಪರೀಕ್ಷೆ ಬೇಡವಾದ ದೂರುಗಳು ಮೂರು ತಿಂಗಳಲ್ಲಿ, ಬೇಕಾದವು ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಅಧಿನಿಯಮ ಆಶಿಸುತ್ತದೆ. ಆಚರಣೆಯಲ್ಲಿ ಅದಕ್ಕಿಂತ ತಡವಾಗುವುದುಂಟು. ತೀರ್ಪು ಒಪ್ಪಿಗೆಯಾಗದ ಪಕ್ಷ ನಲವತ್ತೈದು ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಹಣ ಕೊಡಬೇಕೆಂದು ಆದೇಶಿತನಾದ ವ್ಯಾಪಾರಿ ಆ ಮೊತ್ತದ ಅರ್ಧವನ್ನು ಮೊದಲು ಠೇವಣಿಯಿಡದೆ ಅವನ ಮನವಿ ಸ್ವೀಕೃತವಾಗದು.